ಪ್ರಸಂಗಿಯ ಪಕ್ಕದ ಮೈಕು

ಹೊಟ್ಟೆಕಿಚ್ಚು ಎಂದೂ ತನ್ನ ನಿಜವಾದ ಹೆಸರು ಹೇಳಿಕೊಂಡು ಬರುವುದಿಲ್ಲ. ಆಫೀಸಿನಲ್ಲಿ ಅದು ಶಿಸ್ತು ಎಂದು ಹೇಳಿಕೊಳ್ಳುತ್ತದೆ. ನೆಂಟರ ಮದುವೆಯಲ್ಲಿ ‘ನಮಗ್ಯಾಕಪ್ಪಾ ಇಷ್ಟೊಂದು ಆಡಂಬರ’ ಎಂದು ಸರಳತೆಯ ವೇಷ ಹಾಕುತ್ತದೆ. ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಶ್ರುತಿ ಸ್ವಲ್ಪ ಇಳಿದಿದೆ ಎಂದು ಪಿಸುಗುಟ್ಟುತ್ತದೆ. ನನ್ನ ಹತ್ತಿರ ಅದು ಸತ್ಯ ಸುವಾರ್ತೆಯ ಮೇಲಿನ ಕಾಳಜಿಯಾಗಿ ಬಂತು. ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವ, ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವ, ಪಕ್ಕದ ಮನೆಯವರ ಹೊಸ ಫ್ರಿಜ್ಜನ್ನು ಕೂಡ ಸಮಾಧಾನದಿಂದ ನೋಡಬಲ್ಲ ನನ್ನಂಥವನಿಗೆ ಹೊಟ್ಟೆಕಿಚ್ಚು ಬರಬೇಕಾದರೆ ಅದಕ್ಕೂ ಸ್ವಲ್ಪ ಘನತೆ ಬೇಡವೇ?

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿರುವ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಬಲಗಡೆಯ ಬೆಂಚುಗಳಲ್ಲಿ ಕನ್ನಡದವರು, ಎಡಗಡೆಯ ಬೆಂಚುಗಳಲ್ಲಿ ತಮಿಳಿನವರು ಕೂರುತ್ತಾರೆ. ಹಾಗೆಂದು ಯಾರೂ ನಿಯಮ ಮಾಡಿಲ್ಲ; ಅವರವರ ಅಜ್ಜಿಯರು ಕೂತ ಜಾಗದಲ್ಲಿ ಅವರವರು ಕೂರುತ್ತಾರೆ, ಅಷ್ಟೆ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿಗೆ ಹೊರಗಿನ ಪ್ರಸಂಗಿಗಳು ಬರುವುದು ಜಾಸ್ತಿಯಾಯಿತು. ಅವರೆಲ್ಲ ಇಂಗ್ಲಿಷಿನಲ್ಲಿ ಪ್ರಸಂಗ, ಅಂದರೆ ಧರ್ಮಬೋಧನೆ, ಮಾಡುವವರು; ಅವರ ವೇಗದ ಇಂಗ್ಲಿಷು ನಮ್ಮವರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅಂಥವರ ಪಕ್ಕದಲ್ಲಿ ಇನ್ನೊಂದು ಮೈಕಿನ ಮುಂದೆ ನಿಂತು, ಅವರ ಒಂದು ವಾಕ್ಯ ಮುಗಿದ ಕೂಡಲೇ ಅದನ್ನು ಕನ್ನಡದಲ್ಲಿ ಹೇಳಲು ಒಬ್ಬ ಬೇಕು. ಆ ಒಬ್ಬ ನಾನಾಗಿದ್ದೆ. ಸುಲಭದ ಕೆಲಸ ಎಂದುಕೊಳ್ಳಬೇಡಿ. ಪ್ರಸಂಗಿಗೆ ಉಸಿರಾಡಲು ನಾನಿದ್ದೇನೆ, ನನಗೆ ಉಸಿರಾಡಲು ಯಾರೂ ಇಲ್ಲ. ಆತ ಅತ್ತರೆ ಅಳುವ ದನಿ ತರಬೇಕು, ಜೋಕು ಹೇಳಿದರೆ ಜನ ನಗುವಂತೆ ಮಾಡಬೇಕು. ನಗದಿದ್ದರೆ ತಪ್ಪು ನನ್ನದು. ಆದರೆ ಒಂದು ಸುಖವೂ ಉಂಟು. ಇಂಗ್ಲಿಷ್ ವಾಕ್ಯಕ್ಕೆ ಜನ ಸುಮ್ಮನೆ ಕೂತಿರುತ್ತಾರೆ, ನನ್ನ ವಾಕ್ಯ ಮುಗಿದ ಮೇಲೆ ‘ಸ್ತೋತ್ರ!’ ಎಂದು ಕೂಗುತ್ತಾರೆ. ಸ್ತೋತ್ರ ಸಲ್ಲಬೇಕಾದದ್ದು ದೇವರಿಗೆ ಎಂಬುದು ನನಗೂ ಗೊತ್ತು. ಪ್ರಸಂಗಿಗೂ ನನಗೂ ನಡುವಿನ ಪಾಲಿನ ವಿಷಯ ಹೇಳುತ್ತಿದ್ದೇನೆ.

ಬರುವ ಪ್ರಸಂಗಿಗಳಲ್ಲಿ ಕಾಳೂ ಇರುತ್ತಿತ್ತು, ಜೊಳ್ಳೂ ಇರುತ್ತಿತ್ತು. ನನ್ನ ಅಳತೆಗೋಲು ಸರಳವಾದದ್ದು: ಪ್ರಸಂಗ ಕೇಳುವವನ ಮನಸ್ಸಿಗೆ ಚುಚ್ಚಬೇಕು, ಜೇಬಿಗೆ ಕೈ ಹಾಕಬಾರದು. ಒಬ್ಬರು ಬಂದು, ಮೂರು ದಿನ ಉಪವಾಸ ಮಾಡಿದರೆ ದೇವರು ಸೈಟು ಕೊಡುತ್ತಾನೆ ಎಂದರು. ನಮ್ಮ ಸಭೆಯ ಅರ್ಧ ಜನ ಬಾಡಿಗೆ ಮನೆಯವರು, ಪಾಪ. ನಾನು ಒಂದು ಕ್ಷಣ ಯೋಚಿಸಿ, ‘ನಿಮಗೆ ತಲೆಯ ಮೇಲೊಂದು ಸೂರು ಬೇಕೆಂಬುದು ದೇವರಿಗೆ ಗೊತ್ತಿದೆ, ಚಿಂತೆ ಬಿಡಿ’ ಎಂದೆ. ಇನ್ನೊಬ್ಬರು, ತಾವು ಪ್ರಾರ್ಥಿಸಿದ ಎಣ್ಣೆಯ ಬಾಟಲಿಯನ್ನು ಅಂಗಡಿಯಲ್ಲಿಟ್ಟರೆ ವ್ಯಾಪಾರ ಕುದುರುತ್ತದೆ ಎಂದರು. ಎಣ್ಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು, ‘ವ್ಯಾಪಾರದಲ್ಲಿ ತೂಕ ಸರಿಯಾಗಿರಲಿ’ ಎಂದು ಕನ್ನಡಕ್ಕೆ ತಂದೆ. ಹೀಗೆ ಸುಳ್ಳು ಬೋಧನೆ ಎಂಬುದು ನನ್ನ ಬಾಯಿಯನ್ನು ದಾಟಿ ಆಚೆ ಹೋದದ್ದೇ ಇಲ್ಲ. ಇದನ್ನು ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು, ಎನ್.ಆರ್. ಕಾಲೋನಿಯ ಅನಂತರಾಮಯ್ಯನವರಿಗೆ ಹೆಮ್ಮೆಯಿಂದ ಹೇಳಿದರೆ ಅವರು ಕಾಫಿ ಲೋಟ ಕೆಳಗಿಟ್ಟು, “ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋ ಗಾದೇನ ನಿಮ್ಮನ್ನ ನೋಡೇ ಮಾಡಿರ್ಬೇಕು ಕಣ್ರೀ” ಎಂದರು. ಗಣಿತದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡು ನನ್ನ ಕಾಫಿ ಮುಗಿಸಿದೆ.

ಹೀಗಿರುವಾಗ ನಮ್ಮ ಸಭೆಗೆ ಜಯಶೀಲ ಬಂದ. ಔಷಧ ಕಂಪನಿಯ ರೆಪ್ರೆಸೆಂಟೇಟಿವ್. ಕೋಲಾರದ ಕಡೆಯವನು, ಕನ್ನಡ ತಮಿಳು ಇಂಗ್ಲಿಷ್ ಮೂರೂ ನೀರು ಕುಡಿದಷ್ಟು ಸಲೀಸು. ಕುತ್ತಿಗೆಗೆ ಟೈ, ಸೊಂಟಕ್ಕೆ ಪೇಜರು, ಹತ್ತು ಹೆಜ್ಜೆ ಮುಂಚೆಯೇ ಬರುವ ಸೆಂಟಿನ ವಾಸನೆ. ಒಂದು ಭಾನುವಾರ ನನಗೆ ಗಂಟಲು ಕಟ್ಟಿದ್ದಾಗ ನಮ್ಮ ಸಭಾಪಾಲಕರು, ಅಂದರೆ ಅಯ್ಯನವರು, ಅವನನ್ನು ಮೈಕಿನ ಮುಂದೆ ನಿಲ್ಲಿಸಿದರು. ಪ್ರಸಂಗಿ ಕೈ ಎತ್ತಿದರೆ ಇವನೂ ಎತ್ತಿದ. ಅವರು ಮಂಡಿಯೂರಿದರೆ ಇವನೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಂಡಿಯೂರಿದ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ, ಅವರಿಗಿಂತ ಚೆನ್ನಾಗಿ ಹೇಳಿದ. ಸ್ತೋತ್ರದ ಕೂಗಿಗೆ ಹೆಂಚು ಹಾರಿಹೋಗುವುದೊಂದು ಬಾಕಿ. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಹೆಂಡತಿ ಸುಗುಣ, “ರೀ, ಎಷ್ಟು ಚೆನ್ನಾಗಿ ಮಾಡ್ತಾರಲ್ವಾ? ನನಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು” ಎಂದಳು. ಇಷ್ಟು ವರ್ಷ ನನ್ನ ಕನ್ನಡ ಕೇಳಿ ಅವಳ ಕಣ್ಣಿನಲ್ಲಿ ನೀರು ಬಂದಿರಲಿಲ್ಲ. ಒಮ್ಮೆ ತೂಕಡಿಕೆ ಬಂದದ್ದು ನಿಜ. ಅಂದು ಮಧ್ಯಾಹ್ನ ಕೋಳಿ ಸಾರಿನಲ್ಲಿ ಉಪ್ಪು ಜಾಸ್ತಿಯಾಗಿದೆ ಎಂದು ರೇಗಿದೆ. ಜಾಸ್ತಿಯಾಗಿರಲಿಲ್ಲ.

ಹೊಟ್ಟೆ ಉರಿಯತೊಡಗಿತು ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಮುಂದಿನ ಪ್ರಸಂಗಿ ಬಂದಾಗ ಮೈಕು ಯಾರಿಗೆ ಎಂದು ಯೋಚಿಸಿ ಯೋಚಿಸಿ, ಪಾಠ ಮಾಡುವಾಗ ಸಂಧಿ ಬಿಡಿಸುವ ಬದಲು ಕೂಡಿಸಿದೆ. ಆದರೆ ಅಯ್ಯನವರ ಬಳಿಗೆ ಹೋದಾಗ ಹೊಟ್ಟೆಯ ಮಾತೆತ್ತಲಿಲ್ಲ. “ಅಯ್ಯನವರೇ, ನನಗೇನೂ ಮೈಕಿನ ಆಸೆ ಇಲ್ಲ. ಆದ್ರೆ ಆ ಹುಡುಗ ಸತ್ಯ ಯಾವುದು ಸುಳ್ಳು ಯಾವುದು ಅಂತ ನೋಡೋದೇ ಇಲ್ಲ, ಎಲ್ಲಾನೂ ದಾಟಿಸಿಬಿಡ್ತಾನೆ. ನಾಳೆ ಯಾವನಾದ್ರೂ ಸುಳ್ಳು ಬೋಧಕ ಬಂದ್ರೆ ಸಭೆ ಗತಿ ಏನು?” ಎಂದೆ. ಅಯ್ಯನವರು ಕನ್ನಡಕ ಒರೆಸಿಕೊಂಡು, “ಹೌದಾ? ಹಾಗಾದ್ರೆ ಈ ಸಲದ ಉಜ್ಜೀವನ ಕೂಟದಲ್ಲಿ ಮೊದಲನೇ ದಿನ ನೀವು ಮಾಡಿ, ಎರಡನೇ ದಿನ ಅವರು ಮಾಡ್ಲಿ. ಮೂರನೇ ದಿನ ಯಾರು ಅಂತ ಆಮೇಲೆ ನೋಡೋಣ” ಎಂದರು. ನನ್ನ ವರ್ಷಗಳ ಸೇವೆ ಹೀಗೆ ಒಂದು ಸೆಮಿಫೈನಲ್ಲಿಗೆ ಬಂದು ನಿಂತಿತು.

ಜನರ ಭಕ್ತಿಯನ್ನು ಮತ್ತೆ ಎಬ್ಬಿಸುವ ಆ ಕೂಟಕ್ಕೆ ಬಂದವರು ಬಿಳಿ ಸೂಟಿನ ಒಬ್ಬ ಬ್ರದರ್. ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು. ಯಾವುದರ ಡಾಕ್ಟರೆಂದು ಕೊನೆಯವರೆಗೂ ತಿಳಿಯಲಿಲ್ಲ. ಅಂಗಳದಲ್ಲಿ ಶಾಮಿಯಾನ ಹಾಕಿ, ಉಪ್ಪಿಟ್ಟಿಗೆ ತರಗುಪೇಟೆಯಿಂದ ರವೆಯ ಮೂಟೆ ತರಿಸಿದ್ದಾಯಿತು. ಮೊದಲನೇ ಸಂಜೆ ಕರೆಂಟು ಹೋಗಿ, ಅಯ್ಯನವರು ಜನರೇಟರಿನವನ ಜೊತೆ ಹೆಣಗುತ್ತ ಹಿಂದುಗಡೆಯೇ ಉಳಿದರು. ಬ್ರದರ್ ಬಾಯಿ ತೆರೆದ ಎರಡನೇ ನಿಮಿಷಕ್ಕೆ ನನಗೆ ಗೊತ್ತಾಯಿತು, ಇದು ಅಪ್ಪಟ ಜೊಳ್ಳು ಎಂದು. ಅವರು ಕಾರಿನ ಬಗ್ಗೆ ಹೇಳಿದರು, ನಾನು ಕರುಣೆಯ ಬಗ್ಗೆ ಹೇಳಿದೆ. ಅವರು ತಮ್ಮ ವಿದೇಶ ಪ್ರವಾಸ ವರ್ಣಿಸಿದರು, ನಾನು ಶಿಲುಬೆಯ ದಾರಿ ವರ್ಣಿಸಿದೆ. ನಂಬಿಕೆ ಇದ್ದವರು ಸಕ್ಕರೆ ಕಾಯಿಲೆಯ ಮಾತ್ರೆ ಎಸೆದುಬಿಡಲಿ ಎಂದು ಅವರು ಗುಡುಗಿದಾಗ, ‘ಮಾತ್ರೆ ನುಂಗುವಾಗಲೂ ಭರವಸೆ ದೇವರ ಮೇಲಿರಲಿ’ ಎಂದು ನಾನೂ ಅಷ್ಟೇ ಜೋರಾಗಿ ಗುಡುಗಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ. ಬೆವರು ಹರಿದು ಅಂಗಿ ಬೆನ್ನಿಗಂಟಿತ್ತು. ಕೂಟ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರು, ರಿಟೈರಾದ ನರ್ಸ್ ರೂತಮ್ಮನವರು ನೇರವಾಗಿ ಬ್ರದರ್ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡು, “ಎಷ್ಟು ಶುದ್ಧವಾದ ಸುವಾರ್ತೆ ಅಯ್ಯಾ! ಇಂಥದ್ದು ಕೇಳಿ ಎಷ್ಟು ವರ್ಷ ಆಗಿತ್ತು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಗಂಟಲು ಇನ್ನೂ ಸರಿಹೋಗಿಲ್ಲ ಅಲ್ವಾ ಮೇಷ್ಟ್ರೇ?” ಎಂದರು. ಮಾತೆಲ್ಲ ನನ್ನದು, ಕೀರ್ತಿಯೆಲ್ಲ ಬಿಳಿ ಸೂಟಿಗೆ. ಅಂದು ನನ್ನ ಹೊಟ್ಟೆಕಿಚ್ಚು ಎರಡು ಪಾಲಾಗಿ, ಒಂದು ಪಾಲು ಬ್ರದರ್ ಮೇಲೂ ಹೋಯಿತು.

ಎರಡನೇ ಸಂಜೆ ಜಯಶೀಲ ನಿಂತ. ಬ್ರದರಿಗೆ ಹಿಂದಿನ ದಿನ ಸಿಕ್ಕ ಮರ್ಯಾದೆಯಿಂದ ಹುರುಪು ಬಂದಿತ್ತು. ಕಾರು ಬಂತು, ವಿದೇಶ ಬಂತು, ಜಯಶೀಲ ಎಲ್ಲವನ್ನೂ ಅಚ್ಚುಕಟ್ಟಾಗಿ ಕನ್ನಡಕ್ಕೆ ಇಳಿಸಿದ. ಮಾತ್ರೆಯ ವಿಷಯ ಬಂದಾಗ, ಮಾತ್ರೆ ಮಾರಿಯೇ ಸಂಬಳ ಎಣಿಸುವ ಮನುಷ್ಯ, ಈಗಲಾದರೂ ತಡವರಿಸುತ್ತಾನೆ ಎಂದು ಕಾದೆ. ಅವನು ಕೈ ಬೀಸಿ, “ನಿಮ್ಮ ಮಾತ್ರೆಗಳನ್ನು ಇಂದೇ ಎಸೆದುಬಿಡಿರಿ!” ಎಂದು ಸ್ಪಷ್ಟವಾಗಿ ಹೇಳಿದ. ಸ್ತೋತ್ರ ಬರಲಿಲ್ಲ. ಅದರ ಬದಲು ರೂತಮ್ಮ ಎದ್ದು ನಿಂತರು. “ಒಂದ್ನಿಮಿಷ ಇರಿ. ನಾನು ಜೀವಮಾನವೆಲ್ಲ ಇನ್ಸುಲಿನ್ ಚುಚ್ಚಿದೋಳು. ಮಾತ್ರೆ ಎಸೆದೋರನ್ನ ವಾರ್ಡಲ್ಲಿ ನೋಡಿದೀನಿ. ಅದಿರ್ಲಿ, ನೆನ್ನೆ ಶಿಲುಬೆ ಇತ್ತು, ಪಶ್ಚಾತ್ತಾಪ ಇತ್ತು. ಇವತ್ತು ಅದೆಲ್ಲಾ ಎಲ್ಲಿ ಹೋಯ್ತು? ಒಂದೇ ದಿನದಲ್ಲಿ ಈ ಮನುಷ್ಯ ಹಿಂಗ್ಯಾಕಾದ್ರು?” ಎಂದರು. ಜಯಶೀಲ ಅದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತರ್ಜುಮೆ ಮಾಡಿ ಬ್ರದರಿಗೆ ಹೇಳಿದ. ಬ್ರದರ್ ಗಲಿಬಿಲಿಯಿಂದ, ತಾವು ನೆನ್ನೆ ಹೇಳಿದ್ದೂ ಇದನ್ನೇ ಎಂದರು. ಅದನ್ನೂ ಅವನು ಕನ್ನಡಕ್ಕೆ ತಂದ. ಆಗ ಶಾಮಿಯಾನದಲ್ಲಿದ್ದ ಅಷ್ಟೂ ಕಣ್ಣುಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ನಾನು ಕಾಲ ಬಳಿಯ ರತ್ನಗಂಬಳಿಯ ಹೂವುಗಳನ್ನು ನೋಡುತ್ತ ಕೂತೆ.

ಮರುದಿನ ಬೆಳಿಗ್ಗೆ ಬ್ರದರ್ ಕೋಪಿಸಿಕೊಂಡು ಬಸ್ಸು ಹತ್ತಿದರು. ಅಯ್ಯನವರು ನನ್ನನ್ನು ಕರೆಸಿದರು. ಬಯ್ಯಲಿಲ್ಲ. “ಮೇಷ್ಟ್ರೇ, ನೀವು ಉತ್ತರ ಪತ್ರಿಕೆ ತಿದ್ದೋರು. ಹುಡುಗನ ಬದಲು ನೀವೇ ಉತ್ತರ ಬರೆದುಕೊಟ್ರೆ ಅವನು ಪಾಸೋ ಫೇಲೋ ಅಂತ ಯಾರಿಗೆ ತಿಳಿಯತ್ತೆ? ಸುಳ್ಳು ಸುಳ್ಳಾಗೇ ಕಿವಿಗೆ ಬಿದ್ರೆ ರೂತಮ್ಮನಂಥೋರು ಹಿಡೀತಾರೆ” ಎಂದರು. ಇಷ್ಟು ವರ್ಷ ನಾನು ಎಂಥೆಂಥವರನ್ನೆಲ್ಲ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿಸಿದ್ದೇನೆ ಎಂದು ನೆನೆಸಿಕೊಂಡು ಮುಖ ಬೆಚ್ಚಗಾಯಿತು. ಅಯ್ಯನವರು ಮುಂದುವರಿದು, “ಇವತ್ತಿಗೆ ಜನಾನ ಕರೆದಾಗಿದೆ. ನೀವೇ ಪ್ರಸಂಗ ಮಾಡಿ, ಕನ್ನಡದಲ್ಲೇ. ತಮಿಳಿನೋರ ನೆಂಟರೆಲ್ಲ ಬರ್ತಿದಾರೆ, ಅವರಿಗೆ ಕನ್ನಡ ಬರಲ್ಲ, ಜಯಶೀಲ ತಮಿಳಿಗೆ ಮಾಡ್ತಾರೆ” ಎಂದಾಗ ಬೆಚ್ಚಗಾದ ಮುಖ ಅರಳಿತು. ಕೊನೆಗೂ ಮೊದಲನೇ ಮೈಕು ನನ್ನದು, ಪಕ್ಕದ ಮೈಕು ಅವನದು!

ಪ್ರಸಂಗದ ವಿಷಯ: ಸುಳ್ಳು ಬೋಧಕರನ್ನು ಗುರುತಿಸುವುದು ಹೇಗೆ. ಬ್ರದರನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಿ ಮಾಡಿದ್ದೆ, ದೇವರಾಣೆ. ಆದರೆ ಎದುರಿಗೆ ನಿಂತು ಬಾಯಿ ತೆರೆದಾಗ ಪಕ್ಕದಿಂದ ಸೆಂಟಿನ ವಾಸನೆ ಬಂತು. “ಸುಳ್ಳು ಬೋಧಕ ಟೈ ಕಟ್ಟಿಕೊಂಡು ಬರುತ್ತಾನೆ” ಎಂದೆ. ಜಯಶೀಲ ಕ್ಷಣ ತಡೆದು, ಹೊರಗಿನ ಉಡುಪು ನೋಡಿ ಯಾರನ್ನೂ ಅಳೆಯಬೇಡಿ ಎಂದು ತಮಿಳಿನಲ್ಲಿ ಹೇಳಿದ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ತಮಿಳು ಬರುವುದಿಲ್ಲವೇ? ಕಿವಿ ನೆಟ್ಟಗಾಯಿತು. “ಬಾಯಲ್ಲಿ ಬೆಣ್ಣೆ ಕರಗಿಸಿ, ಕುಣಿದು ಕುಪ್ಪಳಿಸಿ, ಹೆಂಗಸರನ್ನು ಅಳಿಸುತ್ತಾನೆ” ಎಂದೆ. ದೇವರ ಮಾತು ಕಲ್ಲೆದೆಯನ್ನೂ ಕರಗಿಸುತ್ತದೆ ಎಂದು ಅವನು ಹೇಳಿದ. “ಇನ್ನೊಬ್ಬರು ಕಷ್ಟಪಟ್ಟು ಸಂಪಾದಿಸಿದ ಜಾಗಕ್ಕೆ ನೆನ್ನೆ ಮೊನ್ನೆ ಬಂದು ಕೂರುತ್ತಾನೆ” ಎಂದು ಗುಡುಗಿದೆ. ಮೊದಲು ಬಂದವರೂ ಕೊನೆಗೆ ಬಂದವರೂ ದೇವರ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ ಎಂದು ಅವನು ಎಷ್ಟು ಮೆದುವಾಗಿ ಹೇಳಿದನೆಂದರೆ ಎಡಗಡೆ ಒಬ್ಬ ಮುದುಕ ಕಣ್ಣೊರೆಸಿಕೊಂಡ. ಬಲಗಡೆ ಕನ್ನಡದವರು ಬಿಗಿದುಕೊಂಡು ಕೂತಿದ್ದರು, ಸುಗುಣ ಸೀರೆಯ ಅಂಚನ್ನು ತಿರುವುತ್ತಿದ್ದಳು. ಎಡಗಡೆ ತುಂಬಿದ್ದ ನೆಂಟರ ಕಡೆಯಿಂದ ಸ್ತೋತ್ರವೋ ಸ್ತೋತ್ರ. ಎರಡೂ ಭಾಷೆ ಬಲ್ಲ ರೂತಮ್ಮ ಮಾತ್ರ ನಡುವೆ ಕೂತು, ಎರಡೂ ಪ್ರಸಂಗ ಕೇಳುತ್ತ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅವರು ಮತ್ತೆ ಎದ್ದು ನಿಂತರೆ ನನ್ನ ಗತಿ ಏನು ಎಂಬ ಭಯಕ್ಕೆ ಬೇಗ ಬೇಗ ಆಮೆನ್ ಹೇಳಿದೆ.

ಮುಗಿದ ಕೂಡಲೇ ಕನ್ನಡದವರು ಉಪ್ಪಿಟ್ಟಿನ ಕಡೆ ಹೊರಟರು. ತಮಿಳಿನವರು ಸಾಲಾಗಿ ಬಂದು ನನ್ನ ಕೈ ಕುಲುಕಿದರು. ಒಬ್ಬ ತಾಯಿ ತನ್ನ ಮಗುವಿನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡರು. ಅವರೆಲ್ಲ ಹೋದ ಮೇಲೆ ಜಯಶೀಲನನ್ನು ಶಾಮಿಯಾನದ ಕಂಬದ ಹತ್ತಿರ ಹಿಡಿದೆ. “ಏನಪ್ಪಾ, ನಾನು ಹೇಳಿದ್ದು ಅದಲ್ವಲ್ಲ?” ಎಂದೆ.

“ಗೊತ್ತು ಸಾರ್,” ಎಂದ. “ಮೊದಲನೇ ದಿನ ನಾನೂ ಕೂತು ಕೇಳ್ತಿದ್ನಲ್ಲ. ಬ್ರದರ್ ಏನಂದ್ರು, ನೀವೇನಂದ್ರಿ ಎರಡೂ ತಿಳೀತು. ಹಿಂಗೂ ಮಾಡ್ಬಹುದು ಅಂತ ನಿಮ್ಮಿಂದಾನೇ ಕಲ್ತಿದ್ದು.”

“ಹಾಗಾದ್ರೆ ನೆನ್ನೆ ಬ್ರದರಿಗೆ ಯಾಕೆ ಮಾಡ್ಲಿಲ್ಲ?”

“ಅವರು ಯಾರೋ ಹೊರಗಿನೋರು, ಜನ ಬಯ್ದ್ರೆ ಬಯ್ಲಿ ಅಂತ ಬಿಟ್ಟೆ. ನೀವು ನಮ್ಮೋರಲ್ವಾ ಸಾರ್?” ಎಂದು ನನ್ನ ತಟ್ಟೆಗೆ ಉಪ್ಪಿಟ್ಟು ಹಾಕಿಸಿಕೊಂಡು ಬರಲು ಹೋದ.

ಒಬ್ಬ ಮನುಷ್ಯ ಚೆನ್ನಾಗಿ ತರ್ಜುಮೆ ಮಾಡಿದರೆ ಸಹಿಸಬಹುದು, ನೋಡಲು ಚೆನ್ನಾಗಿದ್ದರೂ ಸಹಿಸಬಹುದು. ಅದರ ಮೇಲೆ ಒಳ್ಳೆಯವನೂ ಆಗಿಬಿಟ್ಟರೆ ನಾವು ಬದುಕುವುದು ಹೇಗೆ? ಸುಳ್ಳನ್ನು ಸೋಸುವ ವಿದ್ಯೆಯೊಂದಾದರೂ ನನ್ನ ಸ್ವಂತದ್ದು ಎಂದುಕೊಂಡಿದ್ದೆ. ಅದನ್ನೂ ಅವನು ನನಗಿಂತ ನಾಜೂಕಾಗಿ ಮಾಡಿದ. ಅಂದು ಸೋಸಬೇಕಾಗಿದ್ದದ್ದು ನನ್ನ ಮಾತನ್ನೇ ಎಂಬ ಸಂಗತಿಯನ್ನು ಉಪ್ಪಿಟ್ಟಿನ ಜೊತೆಗೇ ನುಂಗಿದೆ.

ಮುಂದಿನ ವಾರ ಆ ತಮಿಳು ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದರು. ಶನಿವಾರ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ, ನಾನೇ ಬಂದು ಪ್ರಸಂಗ ಮಾಡಬೇಕಂತೆ. ಸುಗುಣ ಬಾಗಿಲಲ್ಲೇ ನಿಂತಿದ್ದಳು, ಅವಳಿಗೆ ಕೇಳಿಸಲಿ ಎಂದು ತಮಿಳಿನಲ್ಲೇ ದನಿ ಎತ್ತರಿಸಿ, “ಧಾರಾಳವಾಗಿ ಬರ್ತೀನಮ್ಮಾ. ನನಗೆ ತಮಿಳೂ ಬರತ್ತೆ, ತರ್ಜುಮೆ ಏನೂ ಬೇಕಾಗಲ್ಲ, ಒಬ್ಬನೇ ಬಂದ್ಬಿಡ್ತೀನಿ” ಎಂದೆ. ಆಕೆ ಗಾಬರಿಯಾಗಿ ತಮಿಳಿನಲ್ಲಿ, “ಅಯ್ಯೋ ಬೇಡ ಸಾರ್, ಅವರನ್ನೂ ಕರ್ಕೊಂಡು ಬನ್ನಿ. ನೀವು ಹೇಳೋದು ಅವರ ಬಾಯಲ್ಲಿ ಬಂದ್ರೇನೇ ಚೆನ್ನಾಗಿರೋದು” ಎಂದರು. ಸುಗುಣ ನಗು ತಡೆಯಲಾರದೆ ಒಳಗೆ ಹೋದಳು. ನಾನು ಒಪ್ಪಿಕೊಂಡೆ. ಶುಕ್ರವಾರ ರಾತ್ರಿ ಮಂಡಿಯೂರಿ, ಬೆಳಗಾಗುವುದರೊಳಗೆ ಒಂದು ಸಣ್ಣ ಜ್ವರ ಬರಲಿ ಸ್ವಾಮೀ ಎಂದು ಪ್ರಾರ್ಥಿಸಿದೆ. ಯಾರಿಗೆ ಎಂದು ಮಾತ್ರ ಕೇಳಬೇಡಿ. ಶನಿವಾರ ಇಬ್ಬರೂ ಗಟ್ಟಿಮುಟ್ಟಾಗಿ ಹೋಗಿ ಬಂದೆವು.