ಬೂಷ್ಟಿಗೆ ಬೆಲ್ಲದ ನೀರು

ಗಿಡ ಬೆಳೆಸುವುದು ಮಹಾವಿದ್ಯೆಯೇನಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಸರಿಯಾಗಿ ಹೇಳಬೇಕೆಂದರೆ, ಕಳೆದ ತಿಂಗಳವರೆಗೆ!

ನನ್ನ ಹೆಂಡತಿ ಗಿರಿಜೆಯ ದೊಡ್ಡಮ್ಮ ದಾವಣಗೆರೆಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಬರುವವರಿದ್ದರು. ಅಳಿಯನಿಗೆ ಯಾವ ಕೆಲಸವೂ ಬರುವುದಿಲ್ಲವೆಂದು ಮದುವೆಯ ದಿನದಿಂದಲೂ ಅವರ ದೃಢ ನಂಬಿಕೆ. ಅದನ್ನು ಸುಳ್ಳು ಮಾಡಲೇಬೇಕೆಂದು ಫೋನಿನಲ್ಲೇ ಘೋಷಿಸಿಬಿಟ್ಟೆ: "ದೊಡ್ಡಮ್ಮ, ಈ ಸಲ ನಾನೇ ಬೆಳೆದ ಪುದೀನ ಚಟ್ನಿ ತಿಂತೀರಿ!"

ಆಗ ಬಾಲ್ಕನಿಯಲ್ಲಿದ್ದದ್ದು ಮೂರು ಕುಂಡ, ಬಡಕಲು ಪುದೀನ. ವಿಜಯನಗರದ ನರ್ಸರಿಯವನು ಒಂದು ಪುಡಿ ಕೊಟ್ಟ. "ಒಳ್ಳೇ ಫಂಗಸ್ ಸಾರ್ ಇದು. ಬೇರಿಗೆ ಅಂಟ್ಕೊಂಡು ಗಿಡಕ್ಕೆ ನೀರು, ಸತ್ವ ಎಲ್ಲಾ ಎಳ್ದು ಕೊಡುತ್ತೆ. ಹಾಕ್ಬಿಟ್ಟು ಸುಮ್ನಿದ್ಬಿಡಿ."

ಹಾಕಿದೆ. ಸುಮ್ಮನಿರುವುದೊಂದು ಆಗಲಿಲ್ಲ.

ಮನೆಗೆ ಬಂದ ಜೀವವನ್ನು ಉಪವಾಸ ಕೆಡವುವ ವಂಶ ನಮ್ಮದಲ್ಲ. ದಿನಾ ಬೆಳಿಗ್ಗೆ ಚೊಂಬು ತುಂಬ ಬೆಲ್ಲದ ನೀರು ಸಮರ್ಪಿಸಿದೆ.

"ರೀ, ಬೂಷ್ಟಿಗೂ ಉಪಚಾರನಾ?" ಎಂದಳು ಗಿರಿಜೆ.

"ವಿಜ್ಞಾನ ನಿನಗೆ ಅರ್ಥ ಆಗಲ್ಲ ಕಣೇ."

ಇರುವೆಗಳಿಗೆ ಅರ್ಥವಾಯಿತು! ನಾಲ್ಕನೇ ದಿನ ಸಾಲುಗಟ್ಟಿ ಬಂದು, ಕುಂಡ ಮುಗಿಸಿ, ಕೆಳಗಿನ ಮನೆಗೂ ಇಳಿದವು. ಅಲ್ಲಿನ ವಿಮಲಾ ಆಂಟಿ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಇದು? ನಮ್ಮ ಡಬ್ಬೀಲಿ ಸಕ್ಕರೆಗಿಂತ ಇರುವೆನೇ ಜಾಸ್ತಿ ಇದೆ!"

ನನಗೂ ರೇಗಿತು. ಇರುವೆಗೆ ಮದ್ದು ಯಾವ ಮನೆಯಲ್ಲಿಲ್ಲ? ಅರಿಶಿನದ ಡಬ್ಬಿಯನ್ನೇ ಕುಂಡಗಳಿಗೆ ಬೋರಲು ಹಾಕಿ, ಮಣ್ಣಿಗೆ ಚೆನ್ನಾಗಿ ಕಲಸಿ, ನೀರು ಹೊಯ್ದೆ. ಇರುವೆ ಮಾಯ! ವಿಜಯವಾರ್ತೆಯನ್ನು ನರ್ಸರಿಯವನಿಗೂ ಫೋನಿನಲ್ಲಿ ತಿಳಿಸಿದೆ.

ಅವನು ರಾಗ ಎಳೆದ: "ಸಾರ್... ಅರಿಶಿನ ಹಾಕೋದೇ ಫಂಗಸ್ ಹೋಗ್ಲಿ ಅಂತ ಅಲ್ವಾ?"

ಸಾಕಿದವನೂ ನಾನೇ, ಕೊಂದವನೂ ನಾನೇ! ಬೆಲ್ಲದ ನೀರಿಗೆ ಬೇರು ಕೊಳೆತು, ದೊಡ್ಡಮ್ಮ ಬರುವ ಹಿಂದಿನ ದಿನ ಪುದೀನವೂ ಮಲಗಿತು. ಸುಮ್ಮನಿರು ಎಂದರೆ ಸುಮ್ಮನಿರಲಾಗದ ನನ್ನ ಕೈಯನ್ನು ನಾನೇ ಶಪಿಸಿದೆ.

ಆದರೆ ಭಾನುವಾರ ತಟ್ಟೆಯಲ್ಲಿ ಹಚ್ಚಹಸಿರು ಪುದೀನ ಚಟ್ನಿ! ಗಿರಿಜೆ ಅಂಗಡಿಯಿಂದ ತಂದು ಗಂಡನ ಮಾನ ಉಳಿಸಿದಳೆಂದುಕೊಂಡೆ. ಕಣ್ಣು ತುಂಬಿ ಬಂತು.

"ಏನ್ ಘಮ ಐತೆ! ಮನೇದೇನವ್ವ?" ಎಂದರು ದೊಡ್ಡಮ್ಮ.

"ಹೂಂ, ಮನೇದೇ," ಎಂದಳು ಗಿರಿಜೆ. ನಾನು ಎದೆಯುಬ್ಬಿಸಿ ಕೂತೆ.

"ಏನ್ ಗೊಬ್ಬರ ಹಾಕಿದ್ರಿ?"

"ಏನೂ ಇಲ್ಲ ದೊಡ್ಡಮ್ಮ. ತಾರಸಿ ಮೇಲೆ ಬಟ್ಟೆ ಒಗೆಯೋ ಕಲ್ಲಿನ ಹಿಂದೆ ಒಂದು ಕುಂಡ ಬಚ್ಚಿಟ್ಟಿದ್ದೆ. ಆ ಕಡೆ ಇವರು ಯಾವತ್ತೂ ತಲೆ ಹಾಕಲ್ಲ. ಅದಕ್ಕೇ ಉಳ್ಕೊಂಡಿದೆ."

ದೊಡ್ಡಮ್ಮ ನನ್ನನ್ನೊಮ್ಮೆ, ನನ್ನ ಕೈಗಳನ್ನೊಮ್ಮೆ ನೋಡಿದರು. ನಾನು ತಲೆ ತಗ್ಗಿಸಿ ಇನ್ನೆರಡು ಚಮಚ ಬಡಿಸಿಕೊಂಡೆ. ಮಾನವಂತೂ ಹೋಯಿತು, ಚಟ್ನಿಯನ್ನೇಕೆ ಬಿಡಲಿ?