ಕಿಟಕಿಗಳ ಬಂದೋಬಸ್ತು

ಮರಗಳು ಸೀನು ತರಿಸುವ ಪರಾಗವನ್ನು ಗಾಳಿಗೆ ಬಿಡುವ ಮುನ್ನ ಯಾರ ಅನುಮತಿಯನ್ನೂ ಪಡೆಯುವುದಿಲ್ಲವೆಂಬ ಸಂಗತಿ ಆ ವಸಂತದಲ್ಲಿ ನಗರಾಡಳಿತದ ಗಮನಕ್ಕೆ ಬಂದಿತು. ಮರಗಳಿಗೆ ನೋಟಿಸು ಜಾರಿಮಾಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಕಿಟಕಿಗಳ ಮೇಲೆ ಕ್ರಮ ಜರುಗಿಸಲು ಧಾರಾಳವಾಗಿ ಇತ್ತು. ಹೀಗೆ ಪರಾಗ ನಿರೋಧ ಇಲಾಖೆ ಜನ್ಮ ತಾಳಿತು.

ಇಲಾಖೆಯ ಅಧಿಕಾರಿ ಅಂಟಿನ ಡಬ್ಬಿ ಹಿಡಿದು ಓಣಿಗೆ ಬಂದಾಗ ಚಿಕ್ಕಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಜಗಳವಾಡುತ್ತಿದ್ದರು. ಓಣಿಗೆಲ್ಲ ಅವರು ಚಿಕ್ಕಮ್ಮ. ಎದುರು ಮನೆಯಲ್ಲಿದ್ದ ಅವರ ಅಕ್ಕ ದೊಡ್ಡಮ್ಮ. ಉದ್ದ ಹಿಡಿಯ ಸೌಟಿನಲ್ಲಿ ಈ ಕಿಟಕಿಯಿಂದ ಆ ಕಿಟಕಿಗೆ ಸಕ್ಕರೆ ದಾಟಿಸಬಹುದಾದಷ್ಟು ಕಿರಿದಾದ ಓಣಿ ಅದು. ದಾಟಿಸುತ್ತಲೂ ಇದ್ದರು, ಜಗಳ ನಿಲ್ಲಿಸದೆ. ಓಣಿಯ ತುದಿಯ ಮರವನ್ನು ಚಿಕ್ಕಂದಿನಲ್ಲಿ ನೆಟ್ಟವರು ಯಾರೆಂಬುದು ಜಗಳದ ವಿಷಯ.

“ಗುಂಡಿ ತೋಡಿದ್ದು ನಾನು. ನೀನು ಪಕ್ಕದಲ್ಲಿ ನಿಂತು ಮೂಗು ಒರೆಸ್ಕೋತಿದ್ದೆ,” ಎಂದರು ದೊಡ್ಡಮ್ಮ.

ಚಿಕ್ಕಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದು ಕಿಟಕಿ ಮುಚ್ಚಿ, ಅಂಚಿಗೆಲ್ಲ ಅಂಟು ಬಳಿದಾಗಿತ್ತು.

“ಒಂದೇ ಒಂದು ಮಾತಿದೆ, ತೆಗಿಯಪ್ಪಾ!”

“ಮಾತು ಹೋಗೋ ಸಂದೀಲಿ ಪರಾಗ ಬರುತ್ತಮ್ಮ. ನಿಯಮ.”

“ಅವಳದೇ ಕೊನೇ ಮಾತಾಗಿಬಿಡುತ್ತಲ್ಲೋ!”

“ಆ ದೂರು ನಮ್ಮ ಇಲಾಖೆಗೆ ಬರಲ್ಲಮ್ಮ.”

ಗಾಜಿನ ಆಚೆ ದೊಡ್ಡಮ್ಮ ನಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಇಲಾಖೆ ಗಾಜನ್ನು ಒರೆಸಿಕೊಟ್ಟಿತ್ತು. ಎದುರು ಮನೆಗೆ ಹೋಗಿ ಉತ್ತರ ಹೇಳುವಂತೆಯೂ ಇರಲಿಲ್ಲ; ಜಗಳದ ನಡುವೆ ಮೊದಲು ಇನ್ನೊಬ್ಬರ ಹೊಸ್ತಿಲು ದಾಟಿದವರು ಸೋತಂತೆ ಎಂಬುದು ಅಕ್ಕತಂಗಿಯರ ಹಳೆಯ ಒಪ್ಪಂದ. ಉತ್ತರ ಚಿಕ್ಕಮ್ಮನ ಗಂಟಲಲ್ಲೇ ಉಳಿಯಿತು.

ಅಂಟಿನ ಘಾಟಿಗೆ ಓಣಿಯ ಮನೆಮನೆಯಲ್ಲೂ ಸೀನು ಶುರುವಾಯಿತು. ಇದು ಪರಾಗದ ಹಠಮಾರಿತನಕ್ಕೆ ಸಾಕ್ಷಿಯೆಂದು ನಿರ್ಧರಿಸಿದ ಇಲಾಖೆ ಎರಡನೆಯ ಪದರ ಬಳಿಯಿತು. ಜೊತೆಗೊಂದು ಪ್ರಕಟಣೆ: “ಬಂದೋಬಸ್ತಾದ ಮನೆಗಳಲ್ಲಿ ಬರುವ ಸೀನುಗಳು ಅಧಿಕೃತವಲ್ಲ. ನಾಗರಿಕರು ಅವುಗಳನ್ನು ತಡೆಹಿಡಿಯತಕ್ಕದ್ದು.”

ತಡೆಹಿಡಿಯಲಾರದವರು ಚಾಪೆ ಸುತ್ತಿಕೊಂಡು ಓಣಿಯ ತುದಿಯ ಬೀದಿಗಿಳಿದರು. ಮೊದಲು ಚಿಕ್ಕಮ್ಮನ ಯಜಮಾನರು, ಆಮೇಲೆ ದರ್ಜಿ ತನ್ನ ಹೊಲಿಗೆ ಯಂತ್ರದೊಂದಿಗೆ, ಕೊನೆಗೆ ಒಲೆ, ಮಂಚ, ತೊಟ್ಟಿಲುಗಳೊಂದಿಗೆ ಓಣಿಗೆ ಓಣಿಯೇ. ಮರ ಎಲ್ಲರ ತಲೆಯ ಮೇಲೂ ಹಳದಿ ಪುಡಿ ಉದುರಿಸಿತು. ಒಬ್ಬರೂ ಸೀನಲಿಲ್ಲ. ಅಧಿಕಾರಿ ಖಾಲಿ ಮನೆಗಳನ್ನೆಲ್ಲ ಹೊಕ್ಕು, ಗೋಡೆಗೆ ಕಿವಿಗೊಟ್ಟು ಆಲಿಸಿ, ಯಾವ ಮನೆಯಲ್ಲೂ ಸೀನಿಲ್ಲವೆಂದು ವರದಿ ಮಾಡಿದರು. ಅವರಿಗೆ ಪದಕ ಬಂತು.

ಅಕ್ಕತಂಗಿಯರ ಮಂಚಗಳು ಒಂದರ ಪಕ್ಕ ಒಂದು ಬಿದ್ದವು. ಬೀದಿಗೆ ಹೊಸ್ತಿಲಿರಲಿಲ್ಲ.

“ಸಸಿ ಹಿಡ್ಕೊಂಡಿದ್ದು ನಾನು ಕಣೇ!” ಎಂದು ಗಂಟಲಲ್ಲಿದ್ದುದನ್ನು ಚಿಕ್ಕಮ್ಮ ಹೊರಹಾಕಿದರು.

“ಹಿಡ್ಕೊಂಡಿದ್ದೆ, ತಲೆಕೆಳಗಾಗಿ.”

ಬೀದಿಯೆಲ್ಲ ನಕ್ಕಿತು. ಚಿಕ್ಕಮ್ಮ ಮುಸುಕೆಳೆದು ಮಲಗಿದರು.

ಮರುದಿನದಿಂದ ಹಗಲೆಲ್ಲ ನಡೆದ ಈ ಜಗಳ ಕೇಳಲಾರದೆ ದರ್ಜಿ, ಮಂಚಗಳ ನಡುವೆ ಗೋಡೆ ಬೇಕೆಂದು ಮನವಿ ಮಾಡಿದ. ನಗರಾಡಳಿತ ಒಪ್ಪಿತು. ಗೋಡೆಯೆಂದ ಮೇಲೆ ಕಿಟಕಿ ಇರತಕ್ಕದ್ದೆಂಬ ನಿಯಮವಿತ್ತು. ಕಿಟಕಿಯೆಂದ ಮೇಲೆ ಅಂಟು. ಇದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ. ಹೆಂಗಸರು ಪರದೆಗೆ ಅಳತೆ ಕೊಟ್ಟರು. ದರ್ಜಿಗೆ ಬಿಡುವಿಲ್ಲದಷ್ಟು ಕೆಲಸವಾಯಿತು.

ಅಧಿಕಾರಿ ಡಬ್ಬಿ ಹಿಡಿದು ಬಂದಾಗ ಚಿಕ್ಕಮ್ಮ ತಾವಾಗಿಯೇ ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟರು.

“ಸ್ವಲ್ಪ ತಾಳಪ್ಪ. ನಾನು ಹೇಳಿದಾಗ ಹಚ್ಚುವಿಯಂತೆ.”

ಬಳಿಕ ಸೆರಗು ಬಿಗಿದು ಹೊಸ ಕಿಟಕಿಗೆ ಬಗ್ಗಿದರು.

“ಅಕ್ಕಾ, ನೀನು ತೋಡಿದ ಗುಂಡಿಗೆ ಯಾವತ್ತಾದ್ರೂ ಒಂದು ಚೊಂಬು ನೀರು ಹಾಕಿದ್ದೀಯಾ? ದಿನಾ ಹೊತ್ತವಳು ನಾನು. ನೆಟ್ಟು ಮರೆತವಳು ನೀನು, ಮರ ಮಾಡಿದವಳು ನಾನು!”

ದೊಡ್ಡಮ್ಮ ಬಾಯಿ ತೆರೆದರು.

“ಈಗ ಹಚ್ಚಪ್ಪ,” ಎಂದರು ಚಿಕ್ಕಮ್ಮ. “ಎರಡು ಪದರ ಇರಲಿ.”