ಬೆಳ್ಳಿಯ ಮರಿಯೂ ಗಂಡು ನೋಡುವ ಶಾಸ್ತ್ರವೂ

ಮರಿ ಬಾಟಲಿಗೆ ಬಾಯಿ ಕೊಡಲಿಲ್ಲ. ಶಿವಪ್ರಕಾಶನ ಆ ದಿನದ ಗ್ರಹಚಾರವೆಲ್ಲ ಶುರುವಾದದ್ದು ಅಲ್ಲಿಂದ.

ಜಾವಗಲ್ಲಿನಲ್ಲಿ ಅವನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಕಡಿಮೆ. ‘ಕುದುರೆ ಪ್ರಕಾಶ’ ಅಂದರೆ ಸಾಕು, ಮನೆ ತೋರಿಸುತ್ತಿದ್ದರು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ, ಜೊತೆಗೆ ಬೆಳ್ಳಿ ಅನ್ನುವ ಬಿಳಿ ಕುದುರೆ. ಸುತ್ತಿನ ಊರುಗಳ ಎಷ್ಟೋ ಮದುವೆ ಗಂಡುಗಳನ್ನು ಬೆಳ್ಳಿಯ ಮೇಲೆ ಕೂರಿಸಿ ಛತ್ರ ಮುಟ್ಟಿಸಿದ್ದ. ತಾನು ಮಾತ್ರ ನಲವತ್ತರ ಹತ್ತಿರ ಬಂದರೂ ಲಗಾಮು ಹಿಡಿದು ಕೆಳಗೇ ನಡೆಯುತ್ತಿದ್ದ. ಬೇಸಾಯದವನು ಅಂತ ಕೆಲವರು ಹೆಣ್ಣು ಕೊಡಲಿಲ್ಲ, ಮೈಯೆಲ್ಲ ಕುದುರೆ ವಾಸನೆ ಅಂತ ಮಿಕ್ಕವರು.

ಆ ಬೆಳ್ಳಿ ಬೆಳಕು ಹರಿಯುವ ಹೊತ್ತಿಗೆ ಮರಿ ಹಾಕಿ, ಅದನ್ನು ಒಮ್ಮೆ ನೆಕ್ಕಿ, ರಕ್ತ ನಿಲ್ಲದೆ ಮಲಗಿಬಿಟ್ಟಳು. “ನಾನು ಬರೋಷ್ಟರಲ್ಲಿ ಏನಾಗುತ್ತೋ ಹೇಳಕ್ಕಾಗಲ್ಲ, ಉಸಿರಿರುವಾಗಲೇ ಗಿಣ್ಣುಹಾಲು ಹಿಂಡಿಟ್ಕೊಳ್ಳಿ” ಎಂದರು ದನದ ಡಾಕ್ಟರು ಫೋನಿನಲ್ಲಿ. ಹಿಂಡುವಾಗ ಬೆಳ್ಳಿ ಕತ್ತು ತಿರುಗಿಸಿ ನೋಡಿದಳು. ಶಿವಪ್ರಕಾಶ ಕಣ್ಣು ತಪ್ಪಿಸಿದ. ಚೊಂಬು ಅರ್ಧ ತುಂಬಿತು, ಬೆಳ್ಳಿಯ ಕತ್ತು ಮತ್ತೆ ಏಳಲಿಲ್ಲ.

ಡಾಕ್ಟರು ಬಂದು ಮರಿಯ ಎದೆಗೆ ಕಿವಿಗೊಟ್ಟು ನೋಡಿದರು. “ಮರಿ ಗಟ್ಟಿಯಾಗಿದೆ. ಈ ಹಾಲು ಬೇಗ ಹೊಟ್ಟೆಗೆ ಹೋಗಬೇಕು. ಆಮೇಲೆ ಮೇಕೆ ಹಾಲು ಹಾಕಿ ನೋಡೋಣ, ತಾಯಿ ಹಾಲಿಗೆ ಅದು ಸಮ ಅಲ್ಲ, ಏನು ಮಾಡೋದು. ಒಣಬಟ್ಟೇಲಿ ಮೈ ಉಜ್ಜಿ. ಕಿವಿ, ಬಾಯಿ, ಹೊಟ್ಟೆ ಎಲ್ಲಾ ಮುಟ್ಟಿ. ಒಂದೊಂದೇ ಗೊರಸು ಎತ್ತಿ ಮೆಲ್ಲಗೆ ತಟ್ಟಿ. ಇವತ್ತು ಮುಟ್ಟಿಸಿಕೊಂಡ್ರೆ ನಾಳೆ ಹೆದರಲ್ಲ. ಆದ್ರೆ ಅತಿ ಮುದ್ದು ಬೇಡ. ನಿಮ್ಮನ್ನೇ ತಾಯಿ ಅಂದ್ಕೊಂಡ್ರೆ ದೊಡ್ಡದಾದ ಮೇಲೆ ನಿಮ್ಮ ಹೆಗಲ ಮೇಲೆ ಕಾಲು ಹಾಕುತ್ತೆ.”

ಡಾಕ್ಟರ ಬೈಕಿನ ಸದ್ದು ಅಡಗುವ ಮೊದಲೇ ಪಕ್ಕದ ಮನೆಯ ಸಿದ್ದಬಸಪ್ಪ ಬಂದ. ಊರಿಗೆಲ್ಲ ಸಂಬಂಧ ಕುದುರಿಸುವುದು ಅವನ ಹವ್ಯಾಸ. ಕುದುರದಿದ್ದರೆ ಹುಡುಗನ ಮೇಲೆ ತಪ್ಪು ಹಾಕುವುದು ಅಭ್ಯಾಸ.

“ಏನ್ಲಾ ಪ್ರಕಾಶ, ಇವತ್ತೇ ಆಗ್ಬೇಕಿತ್ತಾ ಇದು? ಮಧ್ಯಾಹ್ನ ಅರಸೀಕೆರೆಯಿಂದ ಲಕ್ಕಪ್ಪನೋರು ಮನೆ ನೋಡಕ್ಕೆ ಬತ್ತಾವ್ರೆ. ಮಗಳು ಹೇಮಾಶ್ರೀನೂ ಬತ್ತಾಳೆ. ನೆಪ್ಪೈತೋ ಇಲ್ವೋ?”

“ಇನ್ನೊಂದಿನ ಬರ್ಲಿ ಅನ್ನಣ್ಣೋ. ಬೆಳ್ಳಿನ ಇನ್ನೂ ಮಣ್ಣು ಮಾಡಿಲ್ಲ.”

“ಸಾವಿನ ಮನೆ ಅಂದ್ರೆ ಯಾರ್ಲಾ ಹೆಣ್ಣು ಕೊಡ್ತಾರೆ? ಮಣ್ಣಿನ ವಿಚಾರ ನನಗೆ ಬಿಡು.”

ಜೆಸಿಬಿ ಬಂದು ತೋಟದ ಮೂಲೆಯಲ್ಲಿ ಗುಂಡಿ ತೋಡಿತು. ಬೆಳ್ಳಿಯನ್ನು ಎಳೆದೊಯ್ಯುವಾಗ ಶಿವಪ್ರಕಾಶ ಕೊಟ್ಟಿಗೆಯಲ್ಲೇ ಕುಳಿತು ಮರಿಯ ಮೈ ಉಜ್ಜುತ್ತಿದ್ದ. ಅದರ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿದ. ಡಾಕ್ಟರು ಕಿವಿ ಮುಟ್ಟಿ ಅಂದಿದ್ದರಲ್ಲ.

ಮರಿ ಎಲ್ಲ ಮುಟ್ಟಿಸಿಕೊಂಡಿತು. ಗೊರಸು ಎತ್ತಿದರೆ ಎತ್ತಿಸಿಕೊಂಡಿತು, ಬಾಯಿಗೆ ಬೆರಳಿಟ್ಟರೆ ಚೀಪಿತು. ಬಾಟಲಿ ಕಂಡರೆ ಮಾತ್ರ ಹಲ್ಲು ಕೀಳುವವನನ್ನು ಕಂಡ ಮುದುಕನ ಹಾಗೆ ತುಟಿ ಬಿಗಿಯುತ್ತಿತ್ತು.

ಎದುರುಮನೆಯ ದ್ಯಾವಮ್ಮ ತನ್ನ ಮೇಕೆಯನ್ನು ಕೊಟ್ಟಿಗೆಗೇ ಎಳೆದು ತಂದಳು. “ನೇರ್ವಾಗಿ ಕುಡೀಲಿ ಬುಡು” ಎಂದಳು. ಮೇಕೆ ಮರಿಯ ಉದ್ದ ಕಾಲುಗಳನ್ನು ನೋಡಿ, ಕೊಂಬಿನಿಂದ ಶಿವಪ್ರಕಾಶನ ತೊಡೆಗೆ ಗುದ್ದಿ ಓಡಿಹೋಯಿತು. ಅವನ ತಾಯಿ ಅನುಸೂಯಮ್ಮ ಬಾಟಲಿಯ ತುದಿಗೆ ಬೆಲ್ಲ ಸವರಿದರು. ಮರಿ ಬೆಲ್ಲವನ್ನಷ್ಟೇ ನೆಕ್ಕಿತು.

ಕೊನೆಗೆ ಸಿದ್ದಬಸಪ್ಪನಿಗೆ ಬುದ್ಧಿ ಹೊಳೆಯಿತು. “ಕರು ಸತ್ರೆ ಚರ್ಮಕ್ಕೆ ಹುಲ್ಲು ತುಂಬಿ, ಹಾಲು ಬುಡ್ಲಿ ಅಂತ ಹಸುವಿನ ಮುಂದೆ ಇಡ್ತಿರ್ಲಿಲ್ವೇನ್ಲಾ? ಅದನ್ನೇ ಉಲ್ಟಾ ಮಾಡು. ಬೆಳ್ಳಿ ಮೆರವಣಿಗೇಲಿ ಹೊದೀತಿದ್ದ ಆ ಕೆಂಪು ಮಖಮಲ್ಲು ಐತಲ್ಲ, ಅದನ್ನ ನೀನು ಹೊದ್ಕೊ. ನಾಕು ಕಾಲಲ್ಲಿ ನಿಂತ್ಕೊ. ಬಾಟ್ಲಿ ಕಂಕುಳಲ್ಲಿಟ್ಕೊ.”

“ಅಣ್ಣಾ, ಮರ್ಯಾದೆ…”

“ಮರೀ ಜೀವಕ್ಕಿಂತ ದೊಡ್ಡದೇನ್ಲಾ ನಿನ್ನ ಮರ್ಯಾದೆ?”

ಶಿವಪ್ರಕಾಶ ಹೊದ್ದುಕೊಂಡ. ಜರಿ ಅಂಚಿಗೆ ಗೆಜ್ಜೆ ಕಟ್ಟಿದ್ದ ಆ ಬಟ್ಟೆಯಲ್ಲಿ ಬೆಳ್ಳಿಯ ಬೆವರಿನ ವಾಸನೆ ಇನ್ನೂ ಬೆಚ್ಚಗಿತ್ತು. ಮಂಡಿಯೂರಿ ಕೈಯೂರಿ ನಿಂತ. ಮರಿ ತೂರಾಡುತ್ತ ಬಂದು ಮೂಸಿತು. ಒಂದು ಸಲ ಮೂತಿಯಿಂದ ಪಕ್ಕೆಗೆ ಗುದ್ದಿತು, ಇನ್ನೊಂದು ಸಲ ಗುದ್ದಿತು, ಆಮೇಲೆ ಬಾಟಲಿ ಹುಡುಕಿಕೊಂಡು ಚಪ್ಪರಿಸತೊಡಗಿತು. ಗಂಟಲಲ್ಲಿ ಹಾಲು ಇಳಿಯುವ ಸದ್ದು ಕೇಳುತ್ತಿದ್ದ ಹಾಗೆ ಶಿವಪ್ರಕಾಶನ ಕಣ್ಣೀರು ಮೂಗಿನ ತುದಿಯಿಂದ ಹುಲ್ಲಿನ ಮೇಲೆ ತೊಟ್ಟಿಕ್ಕಿತು. ನಾಲ್ಕು ಕಾಲಲ್ಲಿ ನಿಂತವನಿಗೆ ಒರೆಸಿಕೊಳ್ಳಲು ಕೈ ಇರಲಿಲ್ಲ.

ಅಲ್ಲಿಂದ ಮರಿ ಅವನನ್ನು ಬಿಡಲಿಲ್ಲ. ಹಿತ್ತಲಿಗೆ ಹೋದರೆ ಹಿತ್ತಲಿಗೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ. ಇಸ್ತ್ರಿ ಮಾಡಿಸಿಟ್ಟ ಬಿಳಿ ಅಂಗಿಯನ್ನು ಅವನು ಹಾಕಿಕೊಂಡದ್ದೇ ತಡ, ಅದರ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪಿ ಎಳೆಯಿತು. ಅಂಗಿ ಬೆನ್ನುದ್ದಕ್ಕೂ ಹರಿಯಿತು. ತಪ್ಪಿಸಿಕೊಳ್ಳಲು ಅಡುಗೆಮನೆಗೆ ನುಗ್ಗಿದ. ಮರಿಯೂ ನುಗ್ಗಿ, ನುಣುಪು ನೆಲದಲ್ಲಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿ, ಬೀಗರಿಗೆಂದು ಇಟ್ಟಿದ್ದ ಕೇಸರಿಬಾತಿನ ಪಾತ್ರೆಯ ಮೇಲೆ ಕುಸಿಯಿತು.

“ಅಯ್ಯೋ ನನ್ನ ಕರ್ಮವೇ!” ಎಂದು ಅನುಸೂಯಮ್ಮ ತಲೆ ಚಚ್ಚಿಕೊಂಡರು. “ಎಳ್ಕೊಂಡು ಹೋಗೋ ಇದನ್ನ! ಅವರು ಹೋಗೋವರೆಗೂ ನೀನೂ ಬರಬ್ಯಾಡ!”

“ನನ್ನನ್ನ ನೋಡಕ್ಕಲ್ವೇನವ್ವಾ ಅವರು ಬರೋದು?”

ಕೊಟ್ಟಿಗೆಯಲ್ಲಿ ಮರಿಗೆ ಮತ್ತೆ ಹಸಿವಾಯಿತು. ಹರಿದ ಅಂಗಿಯ ಮೇಲೆ ಶಿವಪ್ರಕಾಶ ಮತ್ತೆ ಮಖಮಲ್ಲು ಹೊದ್ದು ನಾಲ್ಕು ಕಾಲಲ್ಲಿ ನಿಂತ. ಮಧ್ಯಾಹ್ನ ಬರುತ್ತೇವೆಂದಿದ್ದ ಲಕ್ಕಪ್ಪನವರು ಆ ಗಳಿಗೆಗೇ ಬಂದರು.

“ಗಂಡು ಎಲ್ಲಿ?” ಎಂದರು ಲಕ್ಕಪ್ಪ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು.

ಸಿದ್ದಬಸಪ್ಪ ಗಂಟಲು ಸರಿಮಾಡಿಕೊಂಡ. “ಅದೇ… ಕೆಂಪು ಮಖಮಲ್ಲು.”

ಲಕ್ಕಪ್ಪನವರ ಮುಖ ಕೊಬ್ಬರಿ ಕೊಳ್ಳಲು ಬಂದು ಬೂಷ್ಟು ಕಂಡವರ ಹಾಗಾಯಿತು. ಅವರ ಹಿಂದಿನಿಂದ ಹೇಮಾಶ್ರೀ ಮಾತ್ರ ಒಳಗೆ ಬಂದಳು. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಹುಲ್ಲಿನ ಮೇಲೆ ಕುಳಿತಳು.

“ಏಳಬೇಡಿ, ಅದು ಕುಡೀಲಿ” ಎಂದಳು. ಒಂದು ಕೈಯನ್ನು ಮರಿಯ ಎದೆಗೂ ಇನ್ನೊಂದನ್ನು ಹಿಂಭಾಗಕ್ಕೂ ಆನಿಸಿ ಹಿಡಿದಳು. ಮರಿ ಕೊಸರಿತು. ಅವಳು ಬಿಗಿ ಮಾಡಲಿಲ್ಲ, ಬಿಡಲೂ ಇಲ್ಲ. ಅದು ಸುಮ್ಮನಾದಾಗಷ್ಟೇ ಕೈ ಸಡಿಲಿಸಿದಳು. “ಅರಸೀಕೆರೇಲಿ ನಮ್ಮ ಸೋದರಮಾವ ಕುದುರೆ ಸಾಕಿದಾರೆ. ಅವರು ಹೀಗೇ ಹಿಡಿಯೋದು. ಸುಮ್ಮನಿದ್ರೆ ಬಿಡ್ತಾರೆ ಅಂತ ಅದಕ್ಕೆ ಗೊತ್ತಾಗಬೇಕಂತೆ.”

ಶಿವಪ್ರಕಾಶ ತಲೆಯಾಡಿಸಿದ. ಮಖಮಲ್ಲಿನ ಗೆಜ್ಜೆ ಝಲ್ ಎಂದಿತು.

“ಅಳ್ತಿದ್ರಾ?”

“ಇಲ್ಲ. ಹೊಗೆ.”

“ಕೊಟ್ಟಿಗೇಲಿ ಒಲೆ ಎಲ್ಲಿದೆ?”

ಅವನು ಕಂಕುಳ ಬಾಟಲಿಯನ್ನು ಸರಿಮಾಡಿಕೊಂಡ. “ತುಂಬಾ ವರ್ಷ ಇತ್ತಾ ತಾಯಿ ಕುದುರೆ?” ಎಂದಳು. ಬೆಳಗಿನಿಂದ ಬಂದವರೆಲ್ಲ ಬುದ್ಧಿ ಹೇಳಿದ್ದರೇ ಹೊರತು ಬೆಳ್ಳಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಶಿವಪ್ರಕಾಶ ಮಂಡಿಯೂರಿದ ಹಾಗೇ ಹೇಳತೊಡಗಿದ. ಬೆಳ್ಳಿ ಪಟಾಕಿಗೆ ಬೆದರುತ್ತಿರಲಿಲ್ಲ, ವಾಲಗದ ಸದ್ದಿಗೆ ಹೆಜ್ಜೆ ಹಾಕುತ್ತಿದ್ದಳು, ಮಳೆ ಬಂದರೆ ಮಾತ್ರ ಮುನಿಸಿಕೊಳ್ಳುತ್ತಿದ್ದಳು. ಹೇಮಾಶ್ರೀ ಮರಿಯ ಕಿವಿ ಸವರುತ್ತ ಎಲ್ಲ ಕೇಳಿದಳು. ಇವಳು ಈ ಮನೆಗೆ ಬಂದರೆ, ಎಂದು ಅವನಿಗೆ ಅನ್ನಿಸಿತು. ಅದರಾಚೆ ಯೋಚಿಸಲು ಧೈರ್ಯ ಸಾಲಲಿಲ್ಲ.

ಅವಳು ಎದ್ದುಹೋಗಿ, ಮನೆಯೊಳಗೆ ಕೂತಿದ್ದ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಲಕ್ಕಪ್ಪ ಯೋಚಿಸಿದರು, ಫೋನು ಹಚ್ಚಿದರು, ತಲೆಯಾಡಿಸಿದರು. ಕಿಟಕಿಯ ಹತ್ತಿರ ನಿಂತಿದ್ದ ಸಿದ್ದಬಸಪ್ಪ ಕೊಟ್ಟಿಗೆಗೆ ಓಡಿಬಂದ. “ಒಪ್ಗೆ ಆಯ್ತು ಕಣ್ಲಾ! ನನ್ನ ಕಿವಿಯಾರೆ ಕೇಳ್ದೆ!”

ಅನುಸೂಯಮ್ಮ ದೇವರ ಮುಂದೆ ದೀಪ ಹಚ್ಚಿ, ಸಿಕ್ಕಸಿಕ್ಕವರ ಬಾಯಿಗೆ ಸಕ್ಕರೆ ಹಾಕಿದರು. ದ್ಯಾವಮ್ಮ ಮೇಕೆಗೂ ಚೂರು ತಿನ್ನಿಸಿದಳು. ಎಲ್ಲರೂ ಜಗಲಿಗೆ ಬಂದರು.

“ನೋಡಿ ಸಿದ್ದಬಸಪ್ನೋರೆ,” ಲಕ್ಕಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಹುಡುಗಿ ಹಟ ಹಿಡಿದಿದಾಳೆ. ತಡ ಮಾಡೋದು ಬೇಡ, ಇವತ್ತೇ ಕರ್ಕೊಂಡು ಹೋಗೋಣ ಅಂತಾಳೆ.”

“ಇವತ್ತೇ?” ಸಿದ್ದಬಸಪ್ಪ ತಬ್ಬಿಬ್ಬಾದ. “ಅಲ್ಲ ಸ್ವಾಮಿ, ಲಗ್ನ, ಮುಹೂರ್ತ… ಮೇಲಾಗಿ ಗಂಡನ್ನ ಮನೆಯಳಿಯ ಮಾಡ್ಕೊಳೋ ಮಾತು ಆಡಿರ್ಲಿಲ್ವಲ್ಲ?”

“ಗಂಡಲ್ರೀ. ಮರಿ.”

ಜಗಲಿಯ ಮೇಲಿದ್ದವರ ಬಾಯಲ್ಲಿ ಸಕ್ಕರೆ ಕರಗದೆ ನಿಂತಿತು.

“ನನ್ನ ಭಾಮೈದನ ಕುದುರೆ ಮೊನ್ನೆ ಈದಿದೆ, ಮರಿ ಉಳೀಲಿಲ್ಲ. ಹಾಲು ಹಿಂಡಿ ಚೆಲ್ತಿದಾರೆ. ಕುದುರೆ ಹಾಲಿಲ್ದೆ ಇದು ಬದುಕೋದು ಕಷ್ಟ ಅಂತಾಳೆ ನನ್ನ ಮಗಳು. ಇನ್ನು ಗಂಡಿನ ವಿಚಾರ…” ಲಕ್ಕಪ್ಪ ತೆಂಗಿನ ಮರದ ಕಡೆ ನೋಡಿದರು. “ಅವಳಿಗೆ ಮೊದಲಿಂದ್ಲೂ ಮನಸ್ಸಿರಲಿಲ್ಲ. ನಮ್ಮ ಬಲವಂತಕ್ಕೆ ಬಂದಳು.”

ಎಲ್ಲರೂ ಶಿವಪ್ರಕಾಶನ ಕಡೆ ತಿರುಗಿದರು. ಅವನು ಮರಿಯನ್ನು ನೋಡಿದ. ಅದು ಅವನ ಹರಿದ ಅಂಗಿಯನ್ನು ಚೀಪುತ್ತಿತ್ತು.

“ಲಗೇಜ್ ಆಟೋ ಕರೀತೀನಿ” ಎಂದ.

ಮರಿ ಅವನನ್ನು ಬಿಟ್ಟು ಆಟೋ ಹತ್ತಲಿಲ್ಲ. ಹಾಗಾಗಿ ಅವನೂ ಹಿಂದೆ ಕುಳಿತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆಯವರೆಗೆ ಹೋದ. ಹೇಮಾಶ್ರೀಯ ಮಾವನ ಲಾಯದಲ್ಲಿ ಕಂದು ಕುದುರೆಯೊಂದು ಕೆಚ್ಚಲು ಬಿಗಿದು ನಿಂತಿತ್ತು. ಅದರ ಹಾಲನ್ನೇ ಮರಿಯ ಮೈಗೆ ಸವರಿ ಹತ್ತಿರ ಬಿಟ್ಟರು. ಕುದುರೆ ಮೂಸಿತು, ಕಾಲು ಝಾಡಿಸಿತು, ಮತ್ತೆ ಮೂಸಿತು. ಆಮೇಲೆ ಮೆಲ್ಲಗೆ ನೆಕ್ಕತೊಡಗಿತು. ಮರಿ ಕೆಚ್ಚಲು ಹಿಡಿಯಿತು. ಬಾಲ ಅಲ್ಲಾಡಿಸಿತು. ಶಿವಪ್ರಕಾಶನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಸದ್ದಿಲ್ಲದೆ ಹಿಂದೆ ಸರಿದು ರಸ್ತೆಗೆ ಬಂದ. ಜಾವಗಲ್ಲಿಗೆ ಕೊನೆಯ ಬಸ್ಸು ಇನ್ನೂ ಸಿಗಬಹುದಿತ್ತು. ಹಿಂದೆ ಹೆಜ್ಜೆಯ ಸದ್ದಾಯಿತು. ಹೇಮಾಶ್ರೀ ಓಡಿಬಂದಿದ್ದಳು, ಕಣ್ಣು ಒದ್ದೆಯಾಗಿತ್ತು.

“ನಿಮ್ಮಂಥೋರನ್ನ ನಾನು ನೋಡೇ ಇಲ್ಲ” ಎಂದಳು.

ಶಿವಪ್ರಕಾಶ ಹರಿದ ಅಂಗಿಯನ್ನು ಎಳೆದು ಸರಿಮಾಡಿಕೊಂಡ.

“ಮರೀನ ನೋಡಬೇಕು ಅನ್ನಿಸಿದಾಗೆಲ್ಲ ಬಂದುಬಿಡಿ. ಸಂಕೋಚ ಬೇಡ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ, ಅಣ್ಣಾ.”